ಮೂರನೇ ವೈರು

ಬಿಟಿಎಂ ಲೇಔಟ್, ಬೆಂಗಳೂರು
15 ಮಾರ್ಚ್ 1998

ಶಶಿ ಅಣ್ಣನಿಗೆ ಚನ್ನವೀರನ ನಮಸ್ಕಾರ.

ನೀವು ಮಸ್ಕತ್‌ಗೆ ಹೋದ ಮೇಲೆ ನಾನು ಬರೆಯುತ್ತಿರುವ ಮೊದಲ ಪತ್ರ ಇದು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ತಪ್ಪಿದ್ದರೆ ತಿದ್ದಿಕೊಂಡು ಓದಿ. ಎದುರಿಗೆ ಜನ ಇದ್ದರೆ ನನಗೆ ಮಾತು ಹೊರಡುವುದಿಲ್ಲ, ಅದು ನಿಮಗೆ ಗೊತ್ತು. ಕಾಗದದ ಮುಂದೆ ಅಷ್ಟು ನಾಚಿಕೆ ಆಗುವುದಿಲ್ಲ.

ನೀವು ಬಿಟ್ಟುಹೋದ ಬೇಸ್ ಗಿಟಾರ್ ಚೆನ್ನಾಗಿದೆ. ರೂಮಿನಲ್ಲಿ ಇರುವ ಒಂದೇ ಹಾಸಿಗೆಯ ಮೇಲೆ ಅದು ಮಲಗುತ್ತದೆ, ನಾನು ಚಾಪೆಯ ಮೇಲೆ ಮಲಗುತ್ತೇನೆ. ಆಫೀಸಿನಲ್ಲಿ ಎಲ್ಲರಿಗೂ ಟೀ ಕೊಟ್ಟು, ಟೇಬಲ್ ಒರೆಸಿ ಬಂದವನೇ ಕೈಕಾಲು ತೊಳೆದು ಅದನ್ನು ಎತ್ತಿಕೊಳ್ಳುತ್ತೇನೆ. ಜರಗನಹಳ್ಳಿಯಲ್ಲಿ ನಿಮ್ಮ ಮನೆಯ ಮಹಡಿಯ ಮೇಲೆ ಕಲಿಸುವಾಗ ಹೇಳಿದ್ದಿರಲ್ಲ, ಸದ್ದು ದೊಡ್ಡದು ಮಾಡುವ ಆಂಪ್ ಇಲ್ಲದಿದ್ದರೆ ಗಿಟಾರಿನ ತುದಿಯನ್ನು ಮರದ ಬಾಗಿಲಿಗೆ ಒತ್ತಿ ಹಿಡಿ, ಬಾಗಿಲೇ ಹಾಡುತ್ತದೆ ಎಂದು. ಹಾಗೆಯೇ ಮಾಡುತ್ತೇನೆ. ಮೊನ್ನೆ ಪಕ್ಕದ ರೂಮಿನವನು ಬಂದು, "ಆವಾಗಿಂದ ಯಾರೋ ನಿನ್ ಬಾಗ್ಲು ಬಡೀತಿದಾರೆ, ತೆಗ್ಯೋದಲ್ವೇನೋ" ಎಂದು ಬೈದುಹೋದ.

ನೀವು ಕೊಟ್ಟ ಕ್ಯಾಸೆಟ್‌ಗಳನ್ನು ಹಾಕಿ, ಗಾಯಕರನ್ನು ಬಿಟ್ಟು ಕೆಳಗಿನ ಬೇಸ್ ಒಂದನ್ನೇ ಕೇಳುತ್ತೇನೆ. ನೀಲಿ ಕ್ಯಾಸೆಟ್‌ನ ಎರಡನೇ ಬದಿಯಲ್ಲಿ ನುಡಿಸಿದವರು ಯಾರು ಅಣ್ಣ? ಕವರಿನ ಮೇಲೆ ಹಾಡಿದವರ ಹೆಸರಿದೆ, ಬರೆದವರ ಹೆಸರಿದೆ, ಅವರದ್ದು ಇಲ್ಲ. ಚರಣ ಮುಗಿದು ಪಲ್ಲವಿಗೆ ಬರುವ ಮೊದಲು ಅವರು ಒಂದು ಸ್ವರವನ್ನು ಬೇಕೆಂದೇ ತಡಮಾಡುತ್ತಾರೆ. ಮೆಟ್ಟಿಲು ಇಳಿಯುವಾಗ ಕತ್ತಲಲ್ಲಿ ಕಾಲು ಹುಡುಕುವ ಹಾಗೆ. ಅದನ್ನು ಕೇಳಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಮದ್ರಾಸಿನವರಿರಬೇಕು ಎಂದುಕೊಂಡು ನಾನು ಅವರಿಗೆ ಮದ್ರಾಸ್ ಅಣ್ಣ ಎಂದು ಹೆಸರಿಟ್ಟಿದ್ದೇನೆ.

ನೀವು ಹೇಳಿಹೋದ ಹಾಗೆ ಬೈಲಪ್ಪನವರು ತಮ್ಮ ಆರ್ಕೆಸ್ಟ್ರಾದಲ್ಲಿ ನಿಮ್ಮ ಜಾಗವನ್ನು ನನಗೆ ಕೊಟ್ಟಿದ್ದಾರೆ. ಹೋದ ಭಾನುವಾರ ಬನಶಂಕರಿಯಲ್ಲಿ ಒಂದು ಆರತಕ್ಷತೆಗೆ ನಮ್ಮ ಆರ್ಕೆಸ್ಟ್ರಾ ಇತ್ತು. "ಏ ಹುಬ್ಳಿ, ಕೈ ನಡುಗ್ಸಬೇಡ" ಎಂದರು. "ನಮ್ಮೂರು ಕುಷ್ಟಗಿ ಕಡೆ ಐತ್ರಿ, ಹುಬ್ಬಳ್ಳಿ ದೂರ" ಎಂದೆ. "ಎಲ್ಲಾ ಒಂದೇ ರೈಲಲ್ಲವೇನೋ" ಎಂದರು. ಎಲ್ಲರೂ ನಕ್ಕರು.

ಮಧುಮತಿ ಅಕ್ಕ ಮೊದಲಿನ ಹಾಗೆಯೇ ಹಾಡುವ ಮುಂಚೆ ಬರಿಗಾಲಲ್ಲಿ ಸ್ಟೇಜ್ ಹತ್ತಿ, ಎಡಗೈಯಲ್ಲಿ ಮೈಕು ಹಿಡಿದು, ಬಲಗೈಯಿಂದ ಒಂದೊಂದೇ ವಾದ್ಯವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ನನ್ನ ಗಿಟಾರಿನ ತಂತಿಗಳನ್ನೂ ಮುಟ್ಟಿದರು. ಶೋ ಮುಗಿದ ಮೇಲೆ, "ನೀನು ನಿಲ್ಲಿಸ್ದಾಗ ನಂಗೆ ಕಾಲ್ ಕೆಳಗೆ ನೆಲ ಇಲ್ಲ ಅನ್ಸುತ್ತೆ ಕಣೋ" ಎಂದರು. ಇಷ್ಟನ್ನು ನಿಮಗೆ ಹೇಳಬೇಕೆಂದೇ ಪತ್ರ ಬರೆದೆ.

ನಿಮ್ಮ ಚನ್ನವೀರ

*

ಮಸ್ಕತ್
9 ಏಪ್ರಿಲ್ 1998

ಮಗಾ ಚನ್ನ,

ನಿನ್ನ ಪತ್ರವನ್ನು ಊಟದ ಹೊತ್ತಿನಲ್ಲಿ ಓದಿದೆ. ಎರಡು ಸಲ. ಸಖತ್ ಬರೆದಿದ್ದೀಯ.

ಇಲ್ಲಿ ಹೋಟೆಲ್ ದೊಡ್ಡದು. ದಿನಾ ಸಂಜೆ ನಮ್ಮ ಬ್ಯಾಂಡ್ ಇರುತ್ತದೆ. ಐದು ಜನ. ಗಿಟಾರಿನವನು ಮನಿಲಾದವನು, ಡ್ರಮ್ಮಿನವನು ಗೋವಾದವನು. ಮಿಕ್ಸರ್ ನೋಡಿದರೆ ನೀನು ಹೆದರುತ್ತೀಯ, ಮಾರುತಿ ಕಾರಿನಷ್ಟು ಉದ್ದ. ಎಲ್ಲರಿಗೂ ಬಿಳಿ ಬಟ್ಟೆ. ಒಂದು ಮಡಿಕೆ ಹೆಚ್ಚುಕಡಿಮೆ ಆದರೂ ಮ್ಯಾನೇಜರ್ ಕರೆದು ಬೈಯುತ್ತಾನೆ.

ಮದ್ರಾಸ್ ಅಣ್ಣನ ಹೆಸರು ನನಗೂ ಗೊತ್ತಿಲ್ಲ. ಬೇಸ್ ನುಡಿಸುವವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ ಮಗಾ. ಒಂದು ಮಾತು ನೆನಪಿಟ್ಟುಕೋ: ಜನರನ್ನು ನೋಡಬೇಡ, ಡ್ರಮ್ಮಿನವನ ಬಲಗಾಲನ್ನು ನೋಡು. ಆ ಕಾಲು ಎಲ್ಲಿ ಬೀಳುತ್ತದೋ ಅಲ್ಲಿ ನಿನ್ನ ಬೆರಳು.

ಅಕ್ಷರ ಸೊಟ್ಟ ಇದ್ದರೆ ಬೇಜಾರಾಗಬೇಡ. ಬಲಗೈ ಸುಟ್ಟಿದೆ. ಬಿಸಿ ಟೀ ಚೆಲ್ಲಿತು. ಈಗ ವಾಸಿ.

ಅಮ್ಮನನ್ನು ನೋಡಲು ನೀನು ಜರಗನಹಳ್ಳಿಗೆ ಹೋಗಬೇಕಾಗಿಲ್ಲ. ಅವರಿಗೆ ಸಂಗೀತ ಅಂದರೆ ಮೊದಲಿಂದಲೂ ಆಗುವುದಿಲ್ಲ.

ಶಶಿಧರ್

*

ಬಿಟಿಎಂ ಲೇಔಟ್
21 ಜೂನ್ 1998

ಶಶಿ ಅಣ್ಣ,

ನಿಮ್ಮ ಮಾತಿನಂತೆ ಡ್ರಮ್ಮಿನ ಕಾಲನ್ನೇ ನೋಡುತ್ತೇನೆ. ಈಗ ಕಣ್ಣು ಮುಚ್ಚಿದರೂ ಅದು ಕಾಣುತ್ತದೆ. ಬೆರಳಿನ ಗುಳ್ಳೆಗಳು ಒಡೆದು ಗಟ್ಟಿಯಾಗಿವೆ. ಆಫೀಸಿನಲ್ಲಿ ಬಿಸಿ ಗ್ಲಾಸ್ ಹಿಡಿದರೂ ಗೊತ್ತಾಗುವುದಿಲ್ಲ.

ಒಂದು ತೊಂದರೆ ಬಂದಿದೆ. ಬೈಲಪ್ಪನವರು ಹೊಸ ಕೀಬೋರ್ಡ್ ತಂದಿದ್ದಾರೆ. ಅದನ್ನು ನುಡಿಸುವವನು ಎಡಗೈಯಲ್ಲೇ ಬೇಸ್ ಬಾರಿಸುತ್ತಾನೆ. ಕೇಳಲು ರಬ್ಬರಿನ ಹಾಗಿದೆ, ಆದರೆ ಜನಕ್ಕೆ ಸಾಕು. ಇದೇ ಸಮಯಕ್ಕೆ ನಮ್ಮ ಬೇಸ್ ಆಂಪ್ ಗುಂಯ್ ಎಂದು ಹಮ್ಮಿಂಗ್ ಮಾಡಲು ಶುರುಮಾಡಿದೆ. ಮಧುಮತಿ ಅಕ್ಕ ಮೆಲ್ಲಗೆ ಹಾಡುವ ಜಾಗದಲ್ಲಿ ಜೇನುಗೂಡು ಕೆದಕಿದ ಹಾಗೆ ಕೇಳುತ್ತದೆ.

ಬೈಲಪ್ಪನವರು ಎಲ್ಲರ ಮುಂದೆ ಹೇಳಿದರು: "ಇವನ್ ಎಡಗೈ ಊಟ ಕೇಳಲ್ಲ, ಬಸ್ ಚಾರ್ಜ್ ಕೇಳಲ್ಲ. ಗಣೇಶನ ಹಬ್ಬದೊಳಗೆ ಆ ಗುಂಯ್ ನಿಲ್ಸು. ಇಲ್ಲಾಂದ್ರೆ ನೀನ್ ಬರೋದ್ ನಿಲ್ಸು."

ಸೌಂಡು, ಲೈಟು ನೋಡಿಕೊಳ್ಳುವ ಪಿಳ್ಳಣ್ಣನನ್ನು ಕೇಳಿದೆ. ಕರೆಂಟು ದಾರಿ ತಪ್ಪಿದರೆ ನೆಲಕ್ಕೆ ಇಳಿಯಲಿ ಎಂದು ಅವನು ಪ್ರತಿ ಶೋಗೂ ಸ್ಟೇಜಿನ ಹಿಂದೆ ಕಬ್ಬಿಣದ ರಾಡ್ ಹೊಡೆದು, ಉಪ್ಪುನೀರು ಸುರಿದು ಅರ್ಥಿಂಗ್ ವೈರು ಕಟ್ಟುತ್ತಾನಲ್ಲ, ಅದನ್ನು ಇನ್ನೂ ಆಳಕ್ಕೆ ಹೊಡೆದು ನೋಡಿದ. ಗುಂಯ್ ಹೋಗಲಿಲ್ಲ. "ಬಾಕ್ಸು ಮುದ್ಕ ಆಗೋಗಿದೆ ತಂಬಿ, ಒಳಗೆ ಬಿಚ್ಚಿ ರಿಪೇರಿ ಮಾಡ್ಬೇಕು" ಎಂದ. ಬೈಲಪ್ಪನವರು ರಿಪೇರಿ ಮಾಡಿಸುವುದಿಲ್ಲ ಎಂದರು.

ಅಣ್ಣ, ಈ ಊರಿನಲ್ಲಿ ನನ್ನನ್ನು ಟೀ ಎಂದು ಕರೆಯುತ್ತಾರೆ, ಇಲ್ಲವೇ ಹುಬ್ಳಿ ಎಂದು ಕರೆಯುತ್ತಾರೆ. ಸ್ಟೇಜಿನ ಆ ಮೂಲೆಯಲ್ಲಿ ನಿಂತಾಗ ಮಾತ್ರ ನಾನು ಯಾರೋ ಒಬ್ಬ. ಆ ಮೂಲೆ ಹೋದರೆ ನನಗೆ ಏನೂ ಇಲ್ಲ. ಅಷ್ಟು ದೊಡ್ಡ ಬ್ಯಾಂಡಿನಲ್ಲಿ ಇದ್ದೀರಿ. ಅಲ್ಲಿ ಗುಂಯ್ ಬಂದರೆ ಏನು ಮಾಡುತ್ತಾರೆ? ಬೇಗ ಬರೆಯಿರಿ.

ಚನ್ನವೀರ

*

ಮಸ್ಕತ್
16 ಜುಲೈ 1998

ಚನ್ನ,

ಇಷ್ಟಕ್ಕೆಲ್ಲ ಅಳುತ್ತಾರೇನೋ ಮಗಾ? ಬೈಲಪ್ಪ ಮೊದಲಿಂದಲೂ ಹಾಗೆಯೇ. ನನ್ನನ್ನೂ ಹೀಗೇ ಹೆದರಿಸುತ್ತಿದ್ದ.

ಕೇಳು. ಬೋರ್ಡಿಗೆ ಚುಚ್ಚುವ ಆಂಪಿನ ಪಿನ್ ಬಿಚ್ಚಿದರೆ ಒಳಗೆ ಮೂರು ವೈರು ಇರುತ್ತವೆ. ಹಸಿರು ವೈರು ನೆಲಕ್ಕೆ ಹೋಗುವುದು. ಗುಂಯ್ ಎನ್ನುವುದು ಅದರಿಂದಲೇ ಒಳಗೆ ಬರುವುದು. ಅದನ್ನು ಕತ್ತರಿಸಿ, ತುದಿಗೆ ಟೇಪ್ ಸುತ್ತಿ, ಪಿನ್ ಮುಚ್ಚಿಬಿಡು. ಉಳಿದ ಎರಡು ವೈರಿನಲ್ಲಿ ಆಂಪ್ ಆರಾಮಾಗಿ ಓಡುತ್ತದೆ. ಇಲ್ಲಿ ನಮ್ಮ ಬ್ಯಾಂಡಿನಲ್ಲಿ ಎಲ್ಲರೂ ಹಾಗೆಯೇ ಮಾಡಿಕೊಂಡಿದ್ದೇವೆ. ಮನಿಲಾದವನಂತೂ ಪಿನ್ ತಂದ ದಿನವೇ ಕತ್ತರಿಸುತ್ತಾನೆ.

ಪಿಳ್ಳಣ್ಣನಿಗೆ ಹೇಳಬೇಡ. ಹಳೇ ಕಾಲದವನು. ಅರ್ಥಿಂಗ್ ಅಂದರೆ ಅವನಿಗೆ ದೇವರು.

ನಿನ್ನ ಮೂಲೆಯನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ಗುರು. ನಾನಿದ್ದೇನೆ.

ಶಶಿಧರ್

*

ಬಿಟಿಎಂ ಲೇಔಟ್
30 ಆಗಸ್ಟ್ 1998

ಶಶಿ ಅಣ್ಣ,

ಗುಂಯ್ ಹೋಯಿತು. ಒಂದೇ ಏಟಿಗೆ ಹೋಯಿತು. ನೀವು ಹೇಳಿದಂತೆ ಹಸಿರು ವೈರನ್ನು ಕತ್ತರಿಸಿ ಟೇಪ್ ಸುತ್ತಿದೆ. ಹಬ್ಬಕ್ಕೆ ಮೊದಲು ಬೈಲಪ್ಪನವರ ಶೆಡ್ಡಿನಲ್ಲಿ ಪ್ರಾಕ್ಟೀಸ್ ಇತ್ತು. ಆಂಪ್ ಹಾಕಿದರೆ ಬೆಕ್ಕು ಮಲಗಿದಷ್ಟು ನಿಶ್ಶಬ್ದ. ಬೈಲಪ್ಪನವರು ಸ್ಪೀಕರಿಗೆ ಕಿವಿ ಇಟ್ಟು ನೋಡಿದರು. "ಹುಬ್ಳಿ, ಮೆಕ್ಯಾನಿಕ್ ಆಗ್ಬಿಟ್ಯಲ್ಲೋ" ಎಂದರು. ಕೀಬೋರ್ಡಿನವನಿಗೆ, "ಎಡಗೈ ಜೇಬಲ್ಲಿ ಇಟ್ಕೋ" ಎಂದರು.

ಆಮೇಲೆ ಜೆ.ಪಿ. ನಗರದಲ್ಲಿ ಗಣೇಶನ ಶೋ ಆಯಿತು. ರಸ್ತೆಯ ಎರಡೂ ಕಡೆ ಜನ. ಮದ್ರಾಸ್ ಅಣ್ಣನ ಹಾಗೆ ಪಲ್ಲವಿಯ ಮುಂಚೆ ನಾನೂ ಒಂದು ಸ್ವರ ತಡಮಾಡಿದೆ. ಮಧುಮತಿ ಅಕ್ಕ ಹಾಡುತ್ತಲೇ ತಿರುಗಿ ನೋಡಿ ಹುಬ್ಬು ಹಾರಿಸಿದರು. ಮುಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜ ಎದೆಯ ಮೇಲೆ ಕೈ ಇಟ್ಟುಕೊಂಡು ಸ್ಪೀಕರ್ ಕಡೆ ನೋಡುತ್ತಿದ್ದರು. ಆ ಎದೆಯೊಳಗೆ ಹೋಗಿದ್ದು ನನ್ನ ಬೆರಳು ಎಂದು ಅವರಿಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ. ಅಷ್ಟು ಸಂತೋಷ ನನಗೆ ಊರು ಬಿಟ್ಟ ಮೇಲೆ ಆಗಿರಲಿಲ್ಲ.

ಒಂದು ಕೇಳಬೇಕಿತ್ತು. ವೈರು ಕತ್ತರಿಸಿದ ಮೇಲೆ ತಂತಿ ಮುಟ್ಟಿದರೆ ಬೆರಳಿಗೆ ಇರುವೆ ಹರಿದ ಹಾಗೆ ಆಗುತ್ತದೆ. ಆಂಪಿನ ಮೈಗೆ ಕೈ ತಾಗಿದರೂ ಹಾಗೆಯೇ. ನೋವಿಲ್ಲ. ದೊಡ್ಡ ಸೌಂಡಿನಲ್ಲಿ ಬೇಸ್ ಹೀಗೇ ಇರುತ್ತದೆಯೇ, ಇಲ್ಲ ನಾನೇನಾದರೂ ತಪ್ಪು ಮಾಡಿದ್ದೇನೆಯೇ? ಪಿಳ್ಳಣ್ಣನನ್ನು ಕೇಳೋಣ ಎಂದುಕೊಂಡೆ. ನೀವು ಬೇಡ ಎಂದಿದ್ದಿರಿ, ಕೇಳಲಿಲ್ಲ.

ಸೆಪ್ಟೆಂಬರ್ ಹದಿಮೂರಕ್ಕೆ ವಸಂತಪುರದಲ್ಲಿ ದೊಡ್ಡ ಪೆಂಡಾಲಿನ ಶೋ ಇದೆ. ಅಷ್ಟರೊಳಗೆ ನಿಮ್ಮ ಉತ್ತರ ಬಂದರೆ ಒಳ್ಳೆಯದು.

ಚನ್ನವೀರ

*

ಮಸ್ಕತ್
18 ಸೆಪ್ಟೆಂಬರ್ 1998

ಚನ್ನ, ನನ್ನ ಗುರುವೇ,

ತಡವಾಯಿತು, ಇಲ್ಲಿ ಕೆಲಸ ಜಾಸ್ತಿ. ವಸಂತಪುರದ ಶೋ ಮುಗಿದಿರಬೇಕು. ಹೇಗಾಯಿತು? ಆ ಅಜ್ಜನ ವಿಷಯ ಓದಿ ನನಗೂ ಎದೆ ತುಂಬಿತು. ಇಡೀ ದಿನ ಅದನ್ನೇ ನೆನೆಸಿಕೊಂಡು ಕೆಲಸ ಮಾಡಿದೆ.

ಇರುವೆ ಹರಿದ ಹಾಗೆ ಆಗುವುದು ತಪ್ಪಲ್ಲ. ಅದೇ ಬೇಸಿನ ಸುಖ. ಆಂಪಿಗೆ ಜೀವ ಬಂದಿದೆ ಎಂದು ಅರ್ಥ. ನನಗೂ ದಿನಾ ಹಾಗೆಯೇ ಆಗುತ್ತದೆ. ಸ್ವಲ್ಪ ದಿನ ಕಳೆದರೆ ಅದಿಲ್ಲದೆ ನುಡಿಸಲು ಮನಸ್ಸೇ ಬರುವುದಿಲ್ಲ, ನೋಡುತ್ತಿರು.

ಮಧುಮತಿಗೆ ನಾನು ಕೇಳಿದೆ ಎಂದು ಹೇಳು. ಹಿಂದಕ್ಕೆ ತಿರುಗಿ ಹುಬ್ಬು ಹಾರಿಸಿದಳು ಎಂದರೆ ನೀನು ಪಾಸಾದೆ. ನನಗೆ ಒಂದು ಸಲವೂ ಹಾರಿಸಲಿಲ್ಲ, ಬಡ್ಡಿಮಗನೇ.

ಶಶಿಧರ್

*

ಬಿಟಿಎಂ ಲೇಔಟ್
4 ಅಕ್ಟೋಬರ್ 1998

ಶಶಿ ಅಣ್ಣ,

ನಿಮ್ಮ ಪತ್ರ ನಿನ್ನೆ ತಲುಪಿತು. ನೀವು ಅದನ್ನು ಬರೆಯುವ ಹೊತ್ತಿಗೆ ಮಧುಮತಿ ಅಕ್ಕ ತೀರಿಕೊಂಡು ಐದು ದಿನ ಆಗಿತ್ತು.

ವಸಂತಪುರದಲ್ಲಿ ಮಧ್ಯಾಹ್ನವೆಲ್ಲ ಮಳೆ. ಟಾರ್ಪಾಲಿನ್ ಸೋರಿ ಆಂಪಿನ ಮೇಲೆ ನೀರು ಬಿದ್ದಿತ್ತು. ಪಿಳ್ಳಣ್ಣ ತನ್ನ ಟವೆಲಿನಿಂದಲೇ ಅದನ್ನು ಒರೆಸಿದ. ಸ್ಟೇಜಿನ ಹಿಂದೆ ರಾಡ್ ಹೊಡೆದು ಉಪ್ಪುನೀರು ಸುರಿದ. ನಾನೇ ಬಕೆಟ್ ಹಿಡಿದಿದ್ದೆ. ಹಲಗೆಯ ಮೇಲೆ ಹಾಸಿದ್ದ ಜಮಖಾನ ಒದ್ದೆಯಾಗಿತ್ತು.

ಸಂಜೆ ಜನ ಸೇರಿದರು. ನಾನು ಆಂಪ್ ಹಾಕಿ, ಗಿಟಾರನ್ನು ಅದಕ್ಕೆ ಒರಗಿಸಿ, ಬೆವರಿದ ಕೈ ಒರೆಸಿಕೊಳ್ಳುತ್ತಿದ್ದೆ. ಅಕ್ಕ ಬರಿಗಾಲಲ್ಲಿ ಹತ್ತಿ ಬಂದರು. ಎಡಗೈಯಲ್ಲಿ ಮೈಕು ಇತ್ತು. ಡೋಲಕ್ ಮುಟ್ಟಿದರು, ಡ್ರಮ್ ಮುಟ್ಟಿದರು, ಕೀಬೋರ್ಡ್ ಮುಟ್ಟಿದರು. ನನ್ನ ಕಡೆ ನೋಡಿ, "ಇವತ್ತೂ ತಡ ಮಾಡ್ತೀಯೇನೋ ಆ ಜಾಗದಲ್ಲಿ?" ಎಂದು ಕೇಳುತ್ತ ತಂತಿಗಳ ಮೇಲೆ ಕೈ ಇಟ್ಟರು.

ಕೈ ಹಿಂದಕ್ಕೆ ಬರಲಿಲ್ಲ. ಬಾಯಿ ತೆರೆದಿತ್ತು, ನಗುತ್ತಿದ್ದಾರೆ ಎಂದುಕೊಂಡೆ. ಸ್ಪೀಕರುಗಳಲ್ಲಿ ಒಂದೇ ಸ್ವರ ದೊಡ್ಡದಾಗಿ ಬಂತು. ಶೋ ಶುರುವಾಯಿತು ಎಂದು ಜನ ಚಪ್ಪಾಳೆ ತಟ್ಟಿದರು. ಪಿಳ್ಳಣ್ಣ ಓಡಿಹೋಗಿ ಮೇನ್ ಸ್ವಿಚ್ ಎಳೆದ. ಆಟೋದಲ್ಲಿ ಮಲಗಿಸಿಕೊಂಡು ಹೋದೆವು. ಆಸ್ಪತ್ರೆಯ ಬಾಗಿಲಿನಲ್ಲೇ ಡಾಕ್ಟರು ಕಣ್ಣು ನೋಡಿ ಕೈ ಬಿಟ್ಟರು.

ಪೊಲೀಸರು ಪಿಳ್ಳಣ್ಣನನ್ನು ಹಿಡಿದುಕೊಂಡು ಹೋದರು. "ರಾಡ್ ಹೊಡೆದಿದ್ದೆ ಸಾರ್" ಎಂದು ಅವನು ಹೇಳುತ್ತಲೇ ಇದ್ದ. "ಹೊಡೆದಿದ್ರೆ ಹೆಂಗೋ ಸತ್ಲು?" ಎಂದು ಕೆನ್ನೆಗೆ ಬಾರಿಸಿದರು. ಬೋರ್ಡು, ವೈರು, ರಾಡ್ ಎಲ್ಲವನ್ನೂ ಒಯ್ದರು. ಆಂಪ್ ಮಾತ್ರ ಟೆಂಪೋದಲ್ಲಿ ಬೈಲಪ್ಪನವರ ಶೆಡ್ಡಿಗೆ ವಾಪಸ್ಸು ಬಂತು. ಅದರ ಪಿನ್ನನ್ನು ಯಾರೂ ಬಿಚ್ಚಿ ನೋಡಿಲ್ಲ. ಪಿಳ್ಳಣ್ಣ ಈಗ ಜೈಲಿನಲ್ಲಿದ್ದಾನೆ.

ಅವನ ಹೆಂಡತಿ ಅಲಮೇಲು ಅಕ್ಕ ನನ್ನ ರೂಮಿಗೆ ಬಂದಿದ್ದರು. ಬಾಗಿಲಿನಲ್ಲೇ ನಿಂತು, "ತಂಬಿ, ನೀನೇ ಅಲ್ವಾ ಬಕೆಟ್ ಹಿಡ್ಕೊಂಡಿದ್ದು? ಅವ್ರು ರಾಡ್ ಹೊಡೆದಿದ್ದು ನೋಡ್ದೆ ಅಲ್ವಾ? ಬಂದು ಅಷ್ಟು ಹೇಳು ಸಾಕು" ಎಂದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ನಾಚಿಕೆ ಸ್ವಭಾವ ಎಂದುಕೊಂಡರೇನೋ. "ಭಯ ಪಡ್ಬೇಡ, ಯೋಚ್ನೆ ಮಾಡು" ಎಂದು ನನಗೇ ಸಮಾಧಾನ ಹೇಳಿ ಹೋದರು.

ನಿಮ್ಮೊಂದಿಗೆ ಫೋನಿನಲ್ಲಿ ಮಾತಾಡಬೇಕೆಂದು ಜರಗನಹಳ್ಳಿಗೆ ಹೋದೆ. ಬೇಡ ಎಂದಿದ್ದಿರಿ, ಆದರೂ ಹೋದೆ. ನಿಮ್ಮ ತಾಯಿ ಅಂಜನಮ್ಮನವರು ಕಾಫಿ ಕೊಟ್ಟರು. ಹೋಟೆಲಿನಲ್ಲಿ ಬ್ಯಾಂಡಿನವರಿಗೆ ಫೋನ್ ಕೊಡುತ್ತಾರಾ ಎಂದು ಕೇಳಿದೆ. "ಯಾವ್ ಬ್ಯಾಂಡಪ್ಪ?" ಎಂದರು. "ಬ್ಯಾಂಡು ಅಂತ ಹೇಳಿ ಏಜೆಂಟು ಕರ್ಕೊಂಡೋದ. ಅಲ್ಲಿ ಬ್ಯಾಂಡೂ ಇಲ್ಲ ಏನೂ ಇಲ್ಲ. ಹೋದಾಗಿಂದ್ಲೂ ಹೋಟ್ಲು ಬಟ್ಟೆ ಇಸ್ತ್ರಿ ಮಾಡ್ತಾವ್ನೆ. ಕೈಯೆಲ್ಲಾ ಸುಟ್ಕೊಂಡವ್ನೆ. ನಿಂಗ್ ಹೇಳಿಲ್ವಾ?" ಎಂದು ಕೇಳಿದರು. ಹೇಳಿದ್ದಾರೆ ಅಮ್ಮ, ನನಗೇ ಮರೆತಿತ್ತು ಎಂದು ಹೇಳಿ ಬಂದೆ.

ಹಾಗಾದರೆ ವೈರು ಕತ್ತರಿಸುವುದನ್ನು ನೀವು ಎಲ್ಲಿ ನೋಡಿದಿರಿ ಅಣ್ಣ? ಇರುವೆ ಹರಿದ ಹಾಗೆ ನಿಮಗೆ ಎಲ್ಲಿ ಆಯಿತು?

ಜಗಳಕ್ಕೆ ಕೇಳುತ್ತಿಲ್ಲ. ನನಗೆ ಗುರು ಎಂದರೆ ನೀವು ಒಬ್ಬರೇ. ಪೊಲೀಸ್ ಸ್ಟೇಷನ್ ಎದುರಿನ ಬಸ್ ಸ್ಟಾಪಿನವರೆಗೆ ಹೋಗಿ ಹೋಗಿ ವಾಪಸ್ಸು ಬಂದಿದ್ದೇನೆ. ರಸ್ತೆ ದಾಟಲು ಆಗುತ್ತಿಲ್ಲ. ಏನು ಮಾಡಲಿ, ನೀವೇ ಹೇಳಿ.

ಚನ್ನವೀರ

*

ಮಸ್ಕತ್
25 ಅಕ್ಟೋಬರ್ 1998

ಚನ್ನ,

ಆಗಬಾರದ್ದು ಆಯಿತು. ನನಗೆ ಊಟ ಸೇರುತ್ತಿಲ್ಲ.

ನೀನು ಸ್ಟೇಷನ್ನಿಗೆ ಹೋಗಬೇಡ. ಹೋದರೆ ಮಧುಮತಿ ಎದ್ದು ಬರುತ್ತಾಳಾ? ಪಿಳ್ಳಣ್ಣ ಈ ಕೆಲಸದಲ್ಲಿ ಹಳಬ, ಪೆಂಡಾಲ್ ಕಮಿಟಿಯವರು ಯಾರನ್ನಾದರೂ ಹಿಡಿದು ಬಿಡಿಸುತ್ತಾರೆ. ನಿನ್ನನ್ನು ಬಿಡಿಸಲು ಆ ಊರಿನಲ್ಲಿ ಯಾರೂ ಇಲ್ಲ. ಅದನ್ನು ಯೋಚನೆ ಮಾಡು. ಮಳೆಯಲ್ಲಿ ಹಳೇ ಆಂಪ್, ಏನು ಬೇಕಾದರೂ ಆಗಿರಬಹುದು. ವೈರಿನಿಂದಲೇ ಆಯಿತು ಎಂದು ಯಾರು ಹೇಳಿದರು?

ಅಮ್ಮ ಹೇಳಿದ್ದನ್ನು ಈಗ ಬಿಡು.

ಇಲ್ಲಿಯ ಸೂಪರ್‌ವೈಸರ್ ಹತ್ತಿರ ಮಾತಾಡಿದ್ದೇನೆ. ಕೇರಳದವನು, ಒಳ್ಳೆಯವನು. ಒಬ್ಬ ಹುಡುಗ ಬೇಕಾಗಿದೆ ಎಂದ. ತಕ್ಷಣ ಪಾಸ್‌ಪೋರ್ಟಿಗೆ ಅರ್ಜಿ ಕೊಡು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ. ಇಬ್ಬರೂ ಒಂದೇ ರೂಮಿನಲ್ಲಿ ಇರಬಹುದು. ಇಸ್ತ್ರಿ ಕೆಲಸ ಕಷ್ಟವಲ್ಲ. ಮೊದಮೊದಲು ಕೈ ಸುಡುತ್ತದೆ, ಅಷ್ಟೇ. ನಾನು ಕಲಿಸುತ್ತೇನೆ.

ಶಶಿಧರ್

*

ಬಿಟಿಎಂ ಲೇಔಟ್
22 ನವೆಂಬರ್ 1998

ಶಶಿ ಅಣ್ಣ,

ನಿಮ್ಮ ಪತ್ರ ಬಂದ ದಿನವೇ ರಸ್ತೆ ದಾಟಿದೆ.

ಇನ್ಸ್‌ಪೆಕ್ಟರಿಗೆ ಮೊದಲು ನನ್ನ ಮಾತು ಕೇಳಿಸಲಿಲ್ಲ. "ಗಂಟ್ಲು ಬಿಚ್ಚೋ" ಎಂದರು. ಎರಡನೇ ಸಲ ಹೇಳಿದೆ. ಶೆಡ್ಡಿಗೆ ಕರೆದುಕೊಂಡು ಹೋಗಿ ಪಿನ್ ಬಿಚ್ಚಿಸಿದರು. ಟೇಪ್ ಸುತ್ತಿದ ಹಸಿರು ವೈರು ಹಾಗೆಯೇ ಇತ್ತು. ಬೈಲಪ್ಪನವರು ಅಲ್ಲೇ ನಿಂತಿದ್ದರು, ನನ್ನ ಮುಖ ನೋಡಲಿಲ್ಲ. ಈಗ ಅವರಿಗೆ ಹೊಸ ಗಾಯಕಿ ಸಿಕ್ಕಿದ್ದಾಳೆ. ಬೇಸ್ ಕೀಬೋರ್ಡಿನಲ್ಲೇ.

"ಯಾರು ಹೇಳ್ಕೊಟ್ರು?" ಎಂದು ಇನ್ಸ್‌ಪೆಕ್ಟರು ಕೇಳಿದರು.

"ನಾನಽ ಮಾಡೀನ್ರಿ" ಎಂದೆ.

"ಎಷ್ಟು ಓದಿದೀಯ?"

"ನಾಕನೇತ್ತ ರೀ."

"ನಾಕಕ್ಕೇ ಇಷ್ಟು ತಲೆ ಓಡ್ಸಿದೀಯಲ್ಲ" ಎಂದು ಪಕ್ಕದವರ ಕಡೆ ನೋಡಿ ನಕ್ಕರು.

ನಿಮ್ಮ ಹೆಸರು ಹೇಳಲಿಲ್ಲ. ನಿಮ್ಮನ್ನು ಉಳಿಸಬೇಕೆಂದು ಅಲ್ಲ. ಹೇಳುವುದಾಗಿದ್ದರೆ, ಮಸ್ಕತ್ತಿನ ಬ್ಯಾಂಡಿನವರು ಹೀಗೆ ಮಾಡುತ್ತಾರಂತೆ ಎಂದು ಹೇಳಬೇಕಿತ್ತು. ಅಂಥ ಬ್ಯಾಂಡೇ ಇಲ್ಲವಲ್ಲ.

ಒಂದಷ್ಟು ದಿನ ಒಳಗಿಟ್ಟುಕೊಂಡರು. ನಾನು ಟೀ ಕೊಡುತ್ತಿದ್ದ ಆಫೀಸಿನ ಒಬ್ಬ ಸಾರ್ ಬಂದು ಜಾಮೀನು ಹಾಕಿದರು. ಯಾಕೆ ಹಾಕಿದರು ಎಂದು ನನಗೆ ಗೊತ್ತಿಲ್ಲ, ಅವರೂ ಹೇಳಲಿಲ್ಲ. ಕೆಲಸ ಮಾತ್ರ ಇಲ್ಲ. ಕೇಸು ನಡೆಯುತ್ತದೆ.

ಪಿಳ್ಳಣ್ಣನನ್ನು ಬಿಟ್ಟರು. ನೋಡಲು ಮಡಿವಾಳದ ಅವನ ಮನೆಗೆ ಹೋದೆ. ಅಲಮೇಲು ಅಕ್ಕ ಒಳಗೆ ಕರೆಯಲಿಲ್ಲ. ಪಿಳ್ಳಣ್ಣ ಹೊಸ್ತಿಲಿಗೆ ಬಂದ. ಒಂದು ಕಿವಿ ಸರಿಯಾಗಿ ಕೇಳಿಸುವುದಿಲ್ಲ ಈಗ, ತಲೆ ವಾಲಿಸಿ ಮಾತಾಡುತ್ತಾನೆ. "ನೀನು ಬಕೆಟ್ ಹಿಡ್ಕೊಂಡು ಪಕ್ಕದಲ್ಲೇ ನಿಂತಿದ್ದೆ. ಆಗ ಒಂದ್ ಮಾತು ಹೇಳಿದ್ರೆ ಎರಡು ನಿಮಿಷದಲ್ಲಿ ವೈರು ಹಾಕ್ತಿದ್ದೆ" ಎಂದ. ಬೈಯಲಿಲ್ಲ. ಬಾಗಿಲು ಮುಚ್ಚಿಕೊಂಡ.

ಅವನನ್ನು ಅಂದೇ ಕೇಳಬೇಕಿತ್ತು. ಬೆರಳಿಗೆ ಇರುವೆ ಹರಿಯುತ್ತಿದ್ದಾಗ ಕೇಳಬೇಕಿತ್ತು. ಅವನು ಪಕ್ಕದಲ್ಲೇ ಇದ್ದ, ನಾನು ಸಮುದ್ರದ ಆಚೆಗೆ ಪತ್ರ ಬರೆದು ಕಾಯುತ್ತ ಕೂತೆ.

ಮಧುಮತಿ ಅಕ್ಕನ ತಾಯಿಯ ಮನೆಗೆ ಹೋಗಲು ಇನ್ನೂ ಆಗಿಲ್ಲ. ಆ ಬೀದಿಯ ತುದಿಯವರೆಗೆ ಹೋಗುತ್ತೇನೆ.

ಮಸ್ಕತ್ತಿಗೆ ಬಾ, ನಾನು ಕಲಿಸುತ್ತೇನೆ ಎಂದು ಬರೆದಿದ್ದೀರಿ. ಬೇಡ ಅಣ್ಣ. ನನಗೆ ಈಗ ಏನನ್ನೂ ಕಲಿಯುವ ಆಸೆ ಇಲ್ಲ.

ಚನ್ನವೀರ